ಕೊರಳಲ್ಲಿ ಮ್ಯಾಪು ಕಟ್ಟಿಕೊಂಡ ಭಾನುವಾರಗಳು

ಕೆಲವರ ಮನೆಯಲ್ಲಿ ಹಾಲು ಉಕ್ಕುತ್ತಲೇ ಇರುತ್ತದೆ, ಕೆಲವರ ಛತ್ರಿ ಲೋಕಲ್ ರೈಲುಗಾಡಿಯಲ್ಲಿ ಉಳಿಯುತ್ತಲೇ ಇರುತ್ತದೆ. ನನಗೆ ಭಾನುವಾರ ಬಂತೆಂದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಅದಕ್ಕೆಲ್ಲ ಕಾರಣ ನನ್ನ ಕೊರಳಲ್ಲಿ ನೇತಾಡುವ ಜಿಪಿಎಸ್ ಮಿಷನ್ನು ಎಂದು ನಾನು ಹೇಳುತ್ತೇನೆ. ಮಿಷನ್ನಿನ ಮೇಲೆ ಇರುವ ತಲೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಬ್ಯಾಂಕಿನಿಂದ ನಿವೃತ್ತನಾದ ವರ್ಷವೇ ಡೊಂಬಿವಲಿಯ ನಮ್ಮ ಡಾಕ್ಟರು ನನ್ನ ರಕ್ತದಲ್ಲಿ ಸಕ್ಕರೆ ಪತ್ತೆ ಹಚ್ಚಿದರು. "ನಡೆಯಿರಿ, ಚೆನ್ನಾಗಿ ನಡೆಯಿರಿ" ಎಂದರು. ಹೆಂಡತಿ ಅದಕ್ಕೆ ಏರ್ಪಾಡೂ ಮಾಡಿದಳು. ಕಲ್ಯಾಣದಲ್ಲಿರುವ ನನ್ನ ಷಡ್ಡಕ ದಿನಾ ಕೆರೆಯ ಸುತ್ತ ನಡೆಯುತ್ತಾರೆ, ಅವರ ಜೊತೆ ಹೋಗಬೇಕು ಎಂದು. ಷಡ್ಡಕ ಬಹಳ ಒಳ್ಳೆಯವರು. ಆದರೆ ಅವರಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಒಂದು ಸುತ್ತಿಗೆ ಒಂದು ಮೊಣಕಾಲಿನ ಕಥೆ ಮುಗಿಯುತ್ತದೆ, ಎರಡನೆಯ ಸುತ್ತಿಗೆ ಇನ್ನೊಂದರದ್ದು. ಮೂರನೆಯ ಸುತ್ತಿನಲ್ಲಿ ಮತ್ತೆ ಮೊದಲನೆಯ ಕಾಲಿಗೆ ಬರುತ್ತಾರೆ. ನಾನು ಒಂದು ವಾರ ತಡೆದುಕೊಂಡು, "ನಾನು ಬೆಟ್ಟ ಹತ್ತುತ್ತೇನೆ" ಎಂದು ಘೋಷಿಸಿದೆ.

ಹೆಂಡತಿ ಒಪ್ಪಿದಳು. ಎರಡು ಶರತ್ತು: ಹೊರಗೆ ಏನೂ ತಿನ್ನಬಾರದು, ಮತ್ತು ಸಕ್ಕರೆ ಇಳಿಯಬೇಕು. ಇಳಿಯದಿದ್ದರೆ ಬೆಟ್ಟ ಬಂದ್, ಕೆರೆ ಚಾಲೂ.

ಜೊತೆಗೆ ಇಬ್ಬರು ಸಿಕ್ಕರು. ಒಬ್ಬರು ಠಾಣೆಯ ಮಾಜಿವಾಡಾದಲ್ಲಿ ವೆಜ್ ಹೋಟೆಲು ಇಟ್ಟಿರುವ ನಮ್ಮ ಉಡುಪಿ ಕಡೆಯವರು. ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಬಿಟ್ಟುಕೊಟ್ಟು ಹೊಸದಾಗಿ ಬಿಡುವಾದವರು. ಇನ್ನೊಬ್ಬರು ಬೇಲಾಪುರದ ಸರಕಾರಿ ಕಚೇರಿಯಿಂದ ನಿವೃತ್ತರಾದ ಧಾರವಾಡದ ಇಂಜಿನಿಯರು. ಅವರಿಗೆ ಎರಡೇ ಹವ್ಯಾಸ: ಜೋರಾಗಿ ನಡೆಯುವುದು ಮತ್ತು ನಿಂತಲ್ಲೆಲ್ಲ ವಿವರಿಸುವುದು.

ಲಂಗರು

ಆಗಿನ್ನೂ ಎಲ್ಲರ ಫೋನಿನೊಳಗೂ ಮ್ಯಾಪು ಬಂದಿರಲಿಲ್ಲ. ನನ್ನ ತಂಗಿಯ ಮಗ ಹಡಗಿನಲ್ಲಿ ಕೆಲಸ ಮಾಡುವವನು. ಮಾವ ಬೆಟ್ಟ ಹತ್ತುತ್ತಾರಂತೆ ಎಂದು ಕೇಳಿ ತನ್ನ ಹಳೆಯ ಜಿಪಿಎಸ್ಸನ್ನು ತಂದುಕೊಟ್ಟ. ಅಂಗೈಯಗಲದ ಹಳದಿ ಡಬ್ಬಿ, ಕೊರಳಿಗೆ ಹಾಕಿಕೊಳ್ಳಲು ದಾರ. ನಾನು ಒಂದು ದಿನ ಇಡೀ ಅದರ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ.

ಮೊದಲ ಭಾನುವಾರ ಅದನ್ನು ಚಾಲೂ ಮಾಡಿ, ಕೊರಳಿಗೆ ಹಾಕಿಕೊಂಡು, ಹೆಂಡತಿಗೆ ಕೈ ಬೀಸಿ ಹೊರಟೆ. ಸೊಸೈಟಿಯ ಗೇಟು ದಾಟಿದ್ದೇ ತಡ, ಮಿಷನ್ನು ಬಡಿದುಕೊಳ್ಳತೊಡಗಿತು. ಪೀಂ ಪೀಂ ಎಂದು ಆಂಬುಲೆನ್ಸಿನ ಹಾಗೆ. ಹೆದರಿ ಎರಡು ಹೆಜ್ಜೆ ಒಳಗೆ ಬಂದೆ, ನಿಂತಿತು. ಹೊರಗೆ ಹೋದೆ, ಮತ್ತೆ ಶುರು. ವಾಚ್‌ಮನ್ ಎದ್ದು ನಿಂತ. ಮೂರನೆಯ ಮಹಡಿಯ ಬಾಲ್ಕನಿಯಿಂದ ಹೆಂಡತಿ ಬಗ್ಗಿ ನೋಡಿದಳು.

ತಂಗಿಯ ಮಗನಿಗೆ ಫೋನು ಮಾಡಿದೆ. ಅವನು ನಗು ತಡೆದುಕೊಂಡು ಹೇಳಿದ: "ಮಾವ, ನೀವು ಯಾವುದೋ ಗುಂಡಿ ಒತ್ತಿ ಲಂಗರಿನ ಅಲಾರಂ ಹಾಕಿದ್ದೀರಿ. ಹಡಗು ಲಂಗರು ಹಾಕಿದ ಜಾಗ ಬಿಟ್ಟು ಜರುಗಿದರೆ ಅದು ಕೂಗ್ತದೆ."

"ಎಂತ ಆಯ್ತು ಅದಕ್ಕೆ?" ಎಂದಳು ಹೆಂಡತಿ ಮೇಲಿನಿಂದ.

"ಏನಿಲ್ಲ. ಲಂಗರು ಕಿತ್ತುಕೊಂಡಿದೆ ಅಂತ ಹೇಳ್ತಾ ಉಂಟು."

"ಅದಕ್ಕೆ ಇವತ್ತು ಗೊತ್ತಾಯ್ತಾ? ನೀವು ರಿಟೈರ್ ಆದ ದಿನವೇ ಕಿತ್ತುಕೊಂಡಿದೆ" ಎಂದು ಹೇಳಿ ಬಟ್ಟೆ ಒಣಗಿಸಲು ಹೋದಳು.

ಊರಿಗೆ ಹೋಗುವ ಬಾಣ

ಆ ಮಿಷನ್ನಿನೊಳಗೆ ಇದ್ದದ್ದು ಸಮುದ್ರದ ಮ್ಯಾಪು. ಬೇಲಾಪುರದ ಹಿಂದಿನ ಪಾರಸಿಕ್ ಗುಡ್ಡದ ಮೇಲೆ ನಿಂತು ನೋಡಿದರೆ ನೆಲವೆಲ್ಲ ಬೋಳು ಹಳದಿ, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ನೀರು ಮಾತ್ರ ಎಲ್ಲೆಲ್ಲಿ ಎಷ್ಟು ಆಳ ಎಂದು ಸವಿಸ್ತಾರ. ಗುಡ್ಡ ಹತ್ತುವವನಿಗೆ ಮುಳುಗುವ ಮಾಹಿತಿ ಏತಕ್ಕೆ? ಬೆಟ್ಟದ ಮ್ಯಾಪು ಹಾಕಿಸಬೇಕೆಂದು ತೀರ್ಮಾನವಾಯಿತು.

ಇಂಜಿನಿಯರು ಇಂಟರ್ನೆಟ್ಟಿನಲ್ಲಿ ಹುಡುಕಿದರು. ಯಾರೋ ಪುಣ್ಯಾತ್ಮರು ನಮ್ಮ ಸಹ್ಯಾದ್ರಿಯ ಎತ್ತರದ ಗೆರೆಗಳಿರುವ ಮ್ಯಾಪನ್ನು ಮಾಡಿ ಪುಕ್ಕಟೆ ಇಟ್ಟಿದ್ದರು. ಇಳಿಸಿಕೊಳ್ಳಲು ಕೂತರೆ, ಮುಕ್ಕಾಲು ಬಂದಾಗ ಡೊಂಬಿವಲಿಯಲ್ಲಿ ಲೋಡ್ ಶೆಡ್ಡಿಂಗ್. ಮತ್ತೆ ಮೊದಲಿನಿಂದ. ಮತ್ತೆ ಕರೆಂಟು ಹೋಯಿತು. ಕೊನೆಗೆ ಇಂಜಿನಿಯರು ತಮ್ಮ ಬೇಲಾಪುರದ ಮನೆಯಲ್ಲಿ ಇಳಿಸಿ, ಪೆನ್ ಡ್ರೈವಿನಲ್ಲಿ ಹಾಕಿ, ಮಗುವನ್ನು ಎತ್ತಿಕೊಂಡು ಬರುವ ಹಾಗೆ ಅಂಗಿಯ ಜೇಬಿನಲ್ಲಿ ತಂದರು. ಮಿಷನ್ನಿಗೆ ಹಾಕಿದೆವು. ತೆರೆದುಕೊಂಡಿತು ನೋಡಿ, ಬೆಟ್ಟ ಕಣಿವೆಗಳೆಲ್ಲ ಕಂದು ಗೆರೆಗಳಲ್ಲಿ.

ಹೋಟೆಲಿನವರಿಗೆ ಆಸೆಯಾಯಿತು. "ಇದರಲ್ಲಿ ನಮ್ಮ ಊರು ಉಂಟಾ?"

"ಇಲ್ರೀ. ಕರ್ನಾಟಕದ್ದು ಬ್ಯಾರೆ ಫೈಲ್ ಐತಿ. ಅದೂ ತಂದೀನಿ."

"ಹಾಗಾದರೆ ಅದನ್ನೂ ಹಾಕಿ ಮಾರಾಯ್ರೆ. ಒಂದು ಇಡ್ಲಿ ಹಾಕಿದ ಪ್ಲೇಟಿಗೆ ಇನ್ನೊಂದು ಹಾಕ್ಲಿಕ್ಕೆ ಎಂತ ಕಷ್ಟ?"

ಆ ಮಿಷನ್ನಿನ ಪದ್ಧತಿ ಹೇಗೆಂದರೆ, ಮ್ಯಾಪಿನ ಫೈಲಿಗೆ ಒಂದೇ ನಿಗದಿಯಾದ ಹೆಸರು ಇರಬೇಕು, ಬೇರೆ ಹೆಸರಿದ್ದರೆ ಅದು ಗುರುತೇ ಹಿಡಿಯುವುದಿಲ್ಲ. ಇಂಜಿನಿಯರು ಕೈ ತೊಳೆಯಲು ಹೋಗಿದ್ದಾಗ ಹೋಟೆಲಿನವರು ತಾವೇ ಎರಡನೆಯದನ್ನು ಹಾಕಿದರು. "ಇದೇ ಹೆಸರಿನದು ಆಗಲೇ ಇದೆ, ಬದಲಾಯಿಸಲೇ?" ಎಂದು ಕಂಪ್ಯೂಟರು ಕೇಳಿತು. ಹೋಟೆಲಿನವರು ಜೀವನದಲ್ಲಿ ಯಾವ ಗಿರಾಕಿಗೂ ಇಲ್ಲ ಎಂದವರಲ್ಲ. ಹೌದು ಎಂದು ಒತ್ತಿದರು.

ಮುಂದಿನ ಭಾನುವಾರ ಖಾರ್‌ಘರ್ ಬೆಟ್ಟದ ಮೇಲೆ ಮೋಡ ಕವಿದಿತ್ತು. ಮಿಷನ್ ತೆಗೆದರೆ ಅಲ್ಲಿ ಬೆಟ್ಟವೇ ಇಲ್ಲ, ಖಾಲಿ ಬಿಳಿ. ಹೋಟೆಲಿನವರು ಅದನ್ನು ಇಸಿದುಕೊಂಡು ದಕ್ಷಿಣಕ್ಕೆ ಜರುಗಿಸುತ್ತ ಜರುಗಿಸುತ್ತ ಒಂದು ಬಂಡೆಯ ಮೇಲೆ ಕೂತೇಬಿಟ್ಟರು. "ನೋಡಿ, ಇದು ನಮ್ಮ ಮನೆ ಹಿಂದಿನ ಪದವು, ಗುಡ್ಡದ ಮೇಲಿನ ಬಯಲು. ಇದು ತೋಡು. ಇಲ್ಲಿ ಎಮ್ಮೆ ತೊಳೀತಿದ್ದೆ ನಾನು." ಅವರ ಕಣ್ಣು ಒದ್ದೆಯಾಗಿತ್ತು, ಬೈಯುವುದು ಹೇಗೆ? ಖುಷಿಯಲ್ಲಿ ಆ ಜಾಗಕ್ಕೆ ಹೋಗಬೇಕು ಎಂಬ ಗುಂಡಿಯನ್ನೂ ಒತ್ತಿದರು. ತೆರೆಯ ಮೇಲೆ ದಪ್ಪ ಬಾಣ ಮೂಡಿತು.

ಇಳಿಯುವ ಹೊತ್ತಾಯಿತು ಎಂದು ಇಂಜಿನಿಯರು ಮಿಷನ್ ತೆಗೆದುಕೊಂಡು, ಬಾಣ ನೋಡಿ, ನಮ್ಮನ್ನು ಕಾಯದೆ ಸರಸರ ನಡೆದುಬಿಟ್ಟರು. ಮೋಡದಲ್ಲಿ ಮಾಯವಾದರು. ನಾನು ಕೂಗಿದೆ: "ಎಲ್ಲಿಗೆ ಹೋಗ್ತಾ ಇದ್ದೀರಿ?"

"ಬಾಣ ತೋರಿಸಿದ ಕಡೆ ಹೊಂಟೀನಿ, ಬರ್ರಿ."

"ಆ ಬಾಣ ಇವರ ಊರಿಗೆ ಹೋಗುವುದು."

ಹೋಟೆಲಿನವರು ಬಂಡೆಯಿಂದ ಏಳಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಮೋಡದ ಕಡೆ ಕೂಗಿದರು: "ಹೇಗೂ ಹೋಗ್ತೀರಿ, ನಮ್ಮ ಅಣ್ಣನ ಬಾವಿಯ ಪಂಪು ಕೆಟ್ಟಿದೆ, ಒಂಚೂರು ನೋಡಿ ಬನ್ನಿ. ನೀವು ಇಂಜಿನಿಯರ್ ಅಲ್ವಾ."

ತ್ರಿಶೂಲಗಳು

ಸಹ್ಯಾದ್ರಿಯ ಮ್ಯಾಪು ಮತ್ತೆ ಬಂತು. ಇಂಜಿನಿಯರು ಇನ್ನೊಂದು ಪಾಠ ಹೇಳಿಕೊಟ್ಟರು. ದಾರಿಯಲ್ಲಿ ಮುಖ್ಯವಾದ ಜಾಗ ಬಂದರೆ ಅಲ್ಲಿ ಗುರುತು ಹಾಕಿಡಬೇಕು. ನೀರಿನ ಒರತೆ, ದಾರಿ ಕವಲೊಡೆಯುವ ಕಡೆ, ಜಾರುವ ಬಂಡೆ, ಹೀಗೆ. ಗುರುತಿಗೆ ಚಿತ್ರಗಳೂ ಇದ್ದವು.

ಗುರುತು ಹಾಕುವ ಕೆಲಸವನ್ನು ಹೋಟೆಲಿನವರು ವಹಿಸಿಕೊಂಡರು. ಎರಡು ತಿಂಗಳಾದ ಮೇಲೆ ನೋಡಿದರೆ ಒಂದು ಒರತೆ ಇಲ್ಲ, ಒಂದು ಕವಲು ಇಲ್ಲ. ಆಸನ್‌ಗಾಂವ್‌ನಿಂದ ಕರ್ಜತ್‌ವರೆಗೆ ಚಮಚ ಮುಳ್ಳುಚಮಚದ ಚಿತ್ರಗಳೇ. ಹೆಸರೂ ಬರೆದಿದ್ದರು: "ವಡಾ ಬಿಸಿ ಉಂಟು", "ಚಹಾ ನೀರು", "ಮಿಸಳ್ ಒಳ್ಳೇದು, ಎಣ್ಣೆ ಹಳೇದು". ನಲವತ್ತು ವರ್ಷ ಹೋಟೆಲು ನಡೆಸಿದವರ ಕಣ್ಣಿಗೆ ಭೂಗೋಳ ಹಾಗೆಯೇ ಕಾಣುವುದು. ಈ ಗುರುತುಗಳು ಬರಿಯ ನೋಟದಿಂದ ಹಾಕಿದವಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸಂಜೆ ಹೆಂಡತಿ ಮಿಷನ್ನನ್ನು ಕೈಯಲ್ಲಿ ಹಿಡಿದು, ಕನ್ನಡಕ ಮೇಲೆತ್ತಿ ನೋಡುತ್ತಿದ್ದಳು. ಅಕ್ಷರ ಬಹಳ ಸಣ್ಣದು, ಪುಣ್ಯಕ್ಕೆ ಓದಲಾಗಲಿಲ್ಲ.

"ಈ ಮುಳ್ಳು ಮುಳ್ಳಿನ ಚಿತ್ರ ಎಂತದ್ದು?"

ಬಾಯಿಗೆ ಬಂದದ್ದನ್ನು ಹೇಳಿದೆ: "ತ್ರಿಶೂಲ. ದಾರಿಯಲ್ಲಿ ಸಿಗುವ ಶಿವನ ಗುಡಿಗಳು."

ಅವಳ ಮುಖ ಅರಳಿತು. "ಇಷ್ಟೊಂದು ಗುಡಿಗೆ ಹೋಗ್ತೀರಿ, ಒಂದು ದಿನವಾದರೂ ಪ್ರಸಾದ ತಂದಿದ್ದೀರಾ?"

ಮುಂದಿನ ಭಾನುವಾರ ಪ್ರಸಾದ ತರಲೇಬೇಕಾಯಿತು. ಹೋಟೆಲಿನವರಿಗೆ ಕಷ್ಟ ಹೇಳಿಕೊಂಡೆ. "ಅದಕ್ಕೆಂತ ಚಿಂತೆ" ಎಂದು ತಮ್ಮ ಅಡುಗೆಯವರ ಕೈಯಲ್ಲಿ ಎಳ್ಳು ತೆಂಗಿನಕಾಯಿ ಬೆಲ್ಲದ ಪಂಚಕಜ್ಜಾಯ ಮಾಡಿಸಿ, ಬಾಳೆಲೆಯಲ್ಲಿ ಕಟ್ಟಿಸಿ, ಗಾಡಿಯಲ್ಲಿ ನನ್ನ ಕೈಗೆ ಕೊಟ್ಟರು. ಮೇಲೆ ಎರಡು ತುಂಬೆ ಹೂವು ಕೂಡ ಇಟ್ಟಿದ್ದರು. ನಾನು ಭಕ್ತಿಯಿಂದ ಮನೆಗೆ ತಂದು ಹೆಂಡತಿಗೆ ಒಪ್ಪಿಸಿದೆ. ಅವಳು ಕಣ್ಣಿಗೊತ್ತಿಕೊಂಡಳು. ಆಮೇಲೆ ಬಾಳೆಲೆ ಇಟ್ಟಿದ್ದ ಕಾಗದದ ಚೀಲವನ್ನು ಮಡಚಿಡುವಾಗ ಅದರ ಮೇಲೆ ಅಚ್ಚಾಗಿದ್ದದ್ದನ್ನು ಜೋರಾಗಿ ಓದಿದಳು. ಹೋಟೆಲಿನ ಹೆಸರು, ಮಾಜಿವಾಡಾ, ಠಾಣೆ.

ಚೀಲವನ್ನು ನನ್ನ ಮುಂದಿಟ್ಟು ಹೇಳಿದಳು: "ಒಳ್ಳೆಯ ಶಿವ. ಮದುವೆ ಮುಂಜಿಗೆ ಆರ್ಡರೂ ತಗೊಳ್ತಾನಂತೆ."

ಗೆರೆಗಳ ಪಾಠ

ಅಂದಿನಿಂದ ಕಾನೂನು ಬಿಗಿಯಾಯಿತು. ಮಿಷನ್ನು ನಾವು ನಡೆದ ದಾರಿಯನ್ನು ತಾನಾಗಿಯೇ ಗೆರೆ ಎಳೆದು ಇಟ್ಟುಕೊಳ್ಳುತ್ತದಷ್ಟೆ. ಪ್ರತಿ ಭಾನುವಾರ ಸಂಜೆ ಅದನ್ನು ಕಂಪ್ಯೂಟರಿನಲ್ಲಿ ಮ್ಯಾಪಿನ ಮೇಲೆ ತೆರೆದು ಹೆಂಡತಿಗೆ ತೋರಿಸಬೇಕು. ನಾನು ಧೈರ್ಯವಾಗಿ ಒಪ್ಪಿದೆ. ಅವಳಿಗೆ ಆ ಕಂದು ಗೆರೆಗಳ ಅರ್ಥ ಆಗುವುದಿಲ್ಲವಲ್ಲ, ನಾನು ತೋರಿಸಿದ್ದೇ ಬೆಟ್ಟ.

ಒಂದು ಭಾನುವಾರ ಇಂಜಿನಿಯರಿಗೆ ಏನೋ ಕೆಲಸವಿತ್ತು, ನಮ್ಮ ಜೊತೆ ಬರಲಿಲ್ಲ. ಸಂಜೆ ಡೊಂಬಿವಲಿಗೆ ಯಾರನ್ನೋ ನೋಡಲು ಬಂದವರು ನಮ್ಮ ಮನೆಗೂ ಬಂದರು. ಹೆಂಡತಿ ಕಾಫಿ ಕೊಟ್ಟು, ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೇಳಿದಳು: "ಈ ಗೆರೆಗಳನ್ನು ಓದುವುದು ಹೇಗೆ?"

ವಿವರಿಸುವ ಅವಕಾಶ ಸಿಕ್ಕರೆ ಇಂಜಿನಿಯರು ಕಾಫಿಯನ್ನೂ ಮರೆಯುತ್ತಾರೆ. "ಭಾಳ ಸರಳ ಐತ್ರಿ ವೈನಿ. ಸೀರಿ ನೆರಿಗಿ ಇದ್ದಂಗ. ಗೆರಿ ಒತ್ತೊತ್ತಾಗಿ ಇದ್ವು ಅಂದ್ರ ಏರು ಖಡಕ್ ಐತಿ. ದೂರ ದೂರ ಇದ್ವು ಅಂದ್ರ ನೆಲ ಸಪಾಟ."

"ಇಲ್ಲಿ ಗೆರೆಗಳೇ ಇಲ್ಲವಲ್ಲ?"

"ಹಾಂ, ಅದು ಪೂರಾ ಸಪಾಟ ನೋಡ್ರಿ. ಸ್ಟೇಷನ್ ಮುಂದಿನ ಜಾಗಾ."

"ಮತ್ತೆ ಇವರು ನಡೆದ ದಾರಿ ಅಲ್ಲೇ ಕಗ್ಗಂಟು ಆಗಿದೆ?"

ನಾನು ಹಿಂದಿನಿಂದ ಕೆಮ್ಮಿದೆ. ಕಣ್ಣು ಸನ್ನೆ ಮಾಡಿದೆ. ಅವರು ತಿರುಗಲಿಲ್ಲ. "ಛಲೋ ಪ್ರಶ್ನೆ ಕೇಳಿದ್ರಿ. ಮಿಷನ್ ಚಾಲೂ ಇಟ್ಟು ಒಂದ ಕಡೆ ಭಾಳ ಹೊತ್ತು ಕುಂತ್ರ ಹಿಂಗ ದಾರದ ಉಂಡಿ ಆಗ್ತದ. ಇಷ್ಟು ದೊಡ್ಡ ಉಂಡಿ ಅಂದ್ರ ಒಂದು ಒಂದೂವರೆ ತಾಸು ಕುಂತಾರ. ಬೆಟ್ಟದ ಕಡೆ ನಡದ ಗೆರಿನ ಇಲ್ಲ, ಅಂದ್ರ ಹತ್ತಿಲ್ಲ."

ಹೆಂಡತಿ ಒಳಗೆ ಹೋಗಿ, ಆ ವಾರ ಬಂದಿದ್ದ ರಕ್ತ ಪರೀಕ್ಷೆಯ ರಿಪೋರ್ಟನ್ನು ತಂದು ಕಂಪ್ಯೂಟರಿನ ಪಕ್ಕ ಇಟ್ಟಳು. ಸಕ್ಕರೆ ಏರಿತ್ತು. ನಾವು ಹತ್ತಬೇಕಾಗಿದ್ದ ಬೆಟ್ಟವನ್ನು ಅದು ಹತ್ತಿತ್ತು. "ಇನ್ನೊಂದೇ ರಿಪೋರ್ಟು ನೋಡುತ್ತೇನೆ. ಆಮೇಲೆ ಕಲ್ಯಾಣದ ಕೆರೆ" ಎಂದಳು.

ಇಂಜಿನಿಯರನ್ನು ಮೆಟ್ಟಿಲಿನವರೆಗೆ ಬಿಡಲು ಹೋದೆ. ಅವರು ಚಪ್ಪಲಿ ಮೆಟ್ಟುತ್ತ ತೃಪ್ತಿಯಿಂದ ಹೇಳಿದರು: "ಏನ ಹೇಳ್ರಿ, ವೈನಿ ಭಾಳ ಹುಷಾರ್ ಅದಾರ. ಒಂದ ಸಲಕ್ಕ ತಿಳಕೊಂಡ್ರು. ನಿಮಗ ನಾ ಆರು ತಿಂಗಳಿಂದ ಹೇಳಾಕತ್ತೀನಿ."

ಓಟ

ಈಗ ನನ್ನ ಭಾನುವಾರಗಳೆಲ್ಲ ಆ ಒಂದು ಗೆರೆಯ ಮೇಲೆ ನಿಂತಿದ್ದವು. ಗೆರೆ ಬೆಟ್ಟದ ತುದಿ ಮುಟ್ಟಬೇಕು. ನೇರಳ್ ಸ್ಟೇಷನ್ನಿನ ಎದುರಿನ ಬೆಂಚಿನ ಮೇಲೆ ಕೂತು, ಎದುರಿಗಿದ್ದ ಪೇಬ್ ಕೋಟೆಯ ಬೆಟ್ಟವನ್ನು ನೋಡಿದೆ. ನೋಡುವಾಗಲೇ ದಮ್ಮು ಬಂತು.

ಹೋಟೆಲಿನವರು ಕಾಂದಾ ಭಜಿಯ ತುಣುಕೊಂದನ್ನು ಮುರಿದು, ಒಳಗೆ ಬೆಂದಿದೆಯೇ ನೋಡಿ, ನಿಧಾನವಾಗಿ ಹೇಳಿದರು: "ಅಕ್ಕನಿಗೆ ಬೇಕಾದ್ದು ಗೆರೆ. ಮಿಷನ್ ಮೇಲೆ ಹೋದರೆ ಗೆರೆ ಬರ್ತದೆ. ಅದರ ಜೊತೆ ನೀವೂ ಹೋಗಬೇಕು ಅಂತ ಎಲ್ಲಿ ಉಂಟು?"

ಇಂಜಿನಿಯರು ಹೇಗೂ ಹತ್ತುವವರೇ. ಮಿಷನ್ನನ್ನು ಅವರ ಕೊರಳಿಗೆ ಹಾಕಿದೆವು. ಅವರು ಮೇಲೆ ಹೋಗಿ ಬರುವವರೆಗೆ ನಾವು ಕೆಳಗೆ ಕೂತು ಅವರ ಕ್ಷೇಮವನ್ನು ಬಯಸಿದೆವು. ಸಂಜೆ ಗೆರೆ ನೋಡಿ ಹೆಂಡತಿಗೆ ಆನಂದವಾಯಿತು. ನೆರಿಗೆಯಂಥ ಗೆರೆಗಳನ್ನು ದಾಟಿಕೊಂಡು ನೇರ ತುದಿಗೆ ಹೋಗಿತ್ತು. ಅವತ್ತು ರಾತ್ರಿ ನನಗೆ ಒಂದು ಚಪಾತಿ ಹೆಚ್ಚು ಬಿತ್ತು.

ತೊಂದರೆ ಶುರುವಾದದ್ದು ಇಂಜಿನಿಯರಿಂದ. ಹತ್ತಲು ಹಿಡಿದ ಸಮಯವನ್ನೂ ಮಿಷನ್ನು ತೋರಿಸುತ್ತದೆ ಎಂದು ಗೊತ್ತಾದ ಮೇಲೆ ಅವರು ತಮ್ಮ ಜೊತೆ ತಾವೇ ಪಂದ್ಯ ಕಟ್ಟಿದರು. ಪ್ರತಿ ವಾರ ಹಿಂದಿನ ವಾರಕ್ಕಿಂತ ಬೇಗ. "ನಿಧಾನ ಹೋಗಿ ಮಾರಾಯ್ರೆ, ಅದು ನನ್ನ ಹೃದಯ" ಎಂದರೆ ಕೇಳಿದರೆ ತಾನೆ?

ನಾಲ್ಕನೆಯ ವಾರ ಹೆಂಡತಿ ಕಂಪ್ಯೂಟರಿನ ಮುಂದೆ ಗಾಬರಿಯಾಗಿ ಕೂತಿದ್ದಳು. "ಈ ವಯಸ್ಸಿನಲ್ಲಿ ಇಷ್ಟು ಖಡಕ್ ಏರನ್ನು ಓಡಿಕೊಂಡು ಹತ್ತುವುದಾ? ನಾನೇ ನಿಮ್ಮನ್ನು ಹೆದರಿಸಿ ಹೀಗೆ ಮಾಡಿದೆ." ಕಣ್ಣಲ್ಲಿ ನೀರು ಬೇರೆ. ನಮ್ಮ ಡಾಕ್ಟರಿಗೆ ಫೋನು ಹೋಯಿತು. ಅವರೂ ಹೆದರಿ, ಠಾಣೆಯ ಒಂದು ಆಸ್ಪತ್ರೆಯಲ್ಲಿ ಹೃದಯದ ಪರೀಕ್ಷೆಗೆ ಬರೆದುಕೊಟ್ಟರು. ನಡುವೆ ಒಂದು ಭಾನುವಾರ ಇತ್ತು. "ಈ ವಾರ ನಿಧಾನವಾಗಿ ಹತ್ತಿ" ಎಂದು ಕಳಿಸಿಕೊಟ್ಟಳು. ಹೊಸ ಮ್ಯಾಪು ಹಾಕಲೆಂದು ಆ ವಾರ ಮಿಷನ್ನು ಇಂಜಿನಿಯರ ಮನೆಯಲ್ಲೇ ಇತ್ತು. ಅವರು ಗಾಡಿಗೆ ಬರುವಾಗ ತಂದರು, ಹತ್ತಿ ಇಳಿದು ನನಗೆ ಕೊಟ್ಟರು.

ಆಸ್ಪತ್ರೆಗೆ ಹೋಟೆಲಿನವರೂ ಬಂದರು, ಮಾಜಿವಾಡಾದಿಂದ ಹತ್ತಿರವೇ ಎಂದು. ಹೊರಗಿನ ಬೆಂಚಿನ ಮೇಲೆ ಕೂತರು. ಒಳಗೆ ನನ್ನ ಎದೆಗೆ ವಯರುಗಳನ್ನು ಅಂಟಿಸಿ, ಓಡುವ ಪಟ್ಟಿಯ ಮೇಲೆ ನಿಲ್ಲಿಸಿದರು. ಮೊದಲು ಸಪಾಟ. ಆಮೇಲೆ ಪಟ್ಟಿಯ ಮೂತಿ ಸ್ವಲ್ಪ ಮೇಲೆದ್ದಿತು. ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆ ಏರುವಷ್ಟು ಕೂಡ ಇರಲಿಲ್ಲ. ನಾನು ಎರಡೂ ಕೈಯಿಂದ ಕಂಬಿ ಹಿಡಿದುಕೊಂಡು, "ಬಂದ್ ಕರೋ, ಬಂದ್ ಕರೋ" ಎಂದೆ.

ಅಲ್ಲಿನ ಡಾಕ್ಟರು ಮರಾಠಿಯವರು, ಗಂಭೀರ ಮನುಷ್ಯ. ಪಟ್ಟಿ ನೋಡಿದರು, ನನ್ನ ಹೊಟ್ಟೆ ನೋಡಿದರು, ಚೀಟಿ ನೋಡಿದರು. ಹಿಂದಿಯಲ್ಲಿ ಹೆಂಡತಿಯನ್ನು ಕೇಳಿದರು: "ಹೃದಯಕ್ಕೆ ಏನೂ ಆಗಿಲ್ಲ. ಆದರೆ ಪ್ರತಿ ಭಾನುವಾರ ಪೇಬ್ ಕೋಟೆಗೆ ಓಡಿ ಹತ್ತುವವರು ಇವರೇನಾ?"

ಹೆಂಡತಿ ಚೀಲದಿಂದ ಒಂದು ಕಾಗದ ತೆಗೆದು ಅವರ ಮೇಜಿನ ಮೇಲೆ ಬಿಡಿಸಿದಳು. ಕಳೆದ ಭಾನುವಾರದ ಮ್ಯಾಪು, ಬಣ್ಣದಲ್ಲಿ ಪ್ರಿಂಟ್ ತೆಗೆಸಿದ್ದು.

"ನಿಮಗೆ ತೋರಿಸಲೆಂದು ನಿನ್ನೆ ತೆಗೆಸಿದೆ ಡಾಕ್ಟರೇ. ಆಗ ಗೆರೆಯ ತುದಿ ಬಿಟ್ಟು ಬುಡ ನೋಡಿದೆ. ಗೆರೆ ಶುರುವಾಗುವುದು ಬೇಲಾಪುರದ ಒಂದು ಕಟ್ಟಡದಲ್ಲಿ. ಇವರು ಡೊಂಬಿವಲಿಯಲ್ಲಿ ನನ್ನ ಪಕ್ಕ ಮಲಗಿ, ಬೇಲಾಪುರದಲ್ಲಿ ಎದ್ದಿದ್ದಾರೆ. ಅಲ್ಲಿಂದ ಠಾಣೆಗೆ ಬಂದು, ಡೊಂಬಿವಲಿ ಸ್ಟೇಷನ್ನಿನಲ್ಲಿ ಒಂಚೂರು ನಿಂತು, ಮನೆಗೆ ಬಾರದೆ ಹಾಗೆಯೇ ಮುಂದೆ ಹೋಗಿದ್ದಾರೆ. ಇದಕ್ಕೂ ಏನಾದರೂ ಟೆಸ್ಟ್ ಉಂಟಾ?"

ವಯರು ಬಿಡಿಸುತ್ತಿದ್ದ ನರ್ಸಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಡಾಕ್ಟರು ಮಾತ್ರ ನಗದೆ, ಚೀಟಿ ಎಳೆದುಕೊಂಡು ಏನೋ ಬರೆದು ಹೆಂಡತಿಯ ಕೈಗೇ ಕೊಟ್ಟರು. ಔಷಧಿ ಇರಲಿಲ್ಲ. ಭಾನುವಾರದ ಬೆಟ್ಟ ಬಿಡಬಾರದು, ಹೆಂಡತಿಯೂ ಜೊತೆಗೆ ಹೋಗಬೇಕು, ಮಿಷನ್ನು ಅವಳ ಕೊರಳಲ್ಲಿರಬೇಕು, ಎಂದಿತ್ತು.

ಕೆರೆ ತಪ್ಪಿತು ಎಂದು ನನಗೆ ಒಳಗೊಳಗೇ ಖುಷಿ. ಬೆಟ್ಟ ತಪ್ಪಲಿಲ್ಲ ಎಂದು ಅಷ್ಟೇ ದುಃಖ. ಅಂಗಿ ತೊಟ್ಟುಕೊಂಡು ಹೊರಗೆ ಬಂದು, ಹೆಂಡತಿ ಕೌಂಟರಿನಲ್ಲಿದ್ದಾಗ ಹೋಟೆಲಿನವರಿಗೆ ಎಲ್ಲವನ್ನೂ ಪಿಸುಮಾತಿನಲ್ಲಿ ಹೇಳಿದೆ. ಗುಟ್ಟು ರಟ್ಟಾಯಿತು, ಇನ್ನು ಮೇಲೆ ಅವಳೂ ಬರುತ್ತಾಳೆ, ಮಿಷನ್ನೂ ಅವಳ ಹತ್ತಿರವೇ.

ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಯೋಚಿಸಿ ಹೇಳಿದರು: "ಹಾಗಾದರೆ ಮತ್ತೂ ಒಳ್ಳೇದಾಯ್ತು. ಮಿಷನ್ನಿನ ಒಟ್ಟಿಗೆ ಅಕ್ಕನನ್ನೂ ಇಂಜಿನಿಯರ ಜೊತೆ ಮೇಲೆ ಕಳಿಸಿಬಿಡುವ."